ಸಾಕುಬೆಕ್ಕಿನ ಆಹಾರ ಮತ್ತು ಜೀರ್ಣಾಂಗಗಳ ಆರೋಗ್ಯ

ಬೆಕ್ಕನ್ನು ಕುರಿತು ಕನ್ನಡದಲ್ಲಿ ಎರಡು ಗಾದೆಗಳು ಪ್ರಸಿದ್ಧವಾಗಿವೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಎಂಬುದು ಒಂದು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಇನ್ನೊಂದು. ಇವೆರಡರಲ್ಲಿ ಬೆಕ್ಕಿನ ಶರೀರಧರ್ಮಕ್ಕೆ ಹೊಂದುವುದು ಎರಡನೆಯದೇ. ಆದರೂ ನಮ್ಮ ಅನೇಕ ಮನೆಗಳಲ್ಲಿ ಬೆಕ್ಕಿಗೆ ದೊರೆಯುವ ನಿತ್ಯದ ಆಹಾರವೆಂದರೆ ಹಾಲು-ಅನ್ನ ಅಥವಾ ಮೊಸರನ್ನ. ಹಳ್ಳಿಯ ಮನೆಯಲ್ಲಿ ಇದರಿಂದ ಹೆಚ್ಚಿನ ತೊಂದರೆ ಕಂಡುಬರುತ್ತಿರಲಿಲ್ಲ. ಅಟ್ಟದ ಮೇಲೆ, ಕಣಜದ ಬಳಿ, ಹಿತ್ತಿಲಿನಲ್ಲಿ ಇಲಿ, ಹಲ್ಲಿ, ಹಕ್ಕಿಗಳನ್ನು ಹಿಡಿದು ಬೆಕ್ಕು ತನ್ನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು. ಮುಂಬಯಿ, ಪುಣೆ, ಚೆನ್ನೈ, ದೆಹಲಿಯಂತಹ ನಗರಗಳ ಬಹುಮಹಡಿ ಕಟ್ಟಡಗಳಲ್ಲಿ, ಹೊಸ್ತಿಲು ದಾಟದೆ ಬೆಳೆಯುವ ಬೆಕ್ಕಿಗೆ ಈ ಅವಕಾಶವಿಲ್ಲ. ತಟ್ಟೆಯಲ್ಲಿ ನಾವು ಹಾಕಿದ್ದಷ್ಟೇ ಅದರ ಆಹಾರ. ಆದ್ದರಿಂದ ಅದಕ್ಕೆ ಏನು ಬೇಕೆಂಬುದನ್ನು ಸಾಕುವವರು ಅರಿತಿರುವುದು ಅವಶ್ಯಕ.

ಶರೀರರಚನೆ

ಬೆಕ್ಕು ಮಾಂಸಾಹಾರವನ್ನೇ ಅವಲಂಬಿಸಿ ವಿಕಾಸ ಹೊಂದಿದ ಪ್ರಾಣಿ. ವಯಸ್ಕ ಬೆಕ್ಕಿನ 30 ಹಲ್ಲುಗಳು ಹಿಡಿಯುವುದಕ್ಕೂ ಕತ್ತರಿಸುವುದಕ್ಕೂ ತಕ್ಕವೇ ಹೊರತು ಧಾನ್ಯವನ್ನು ಅರೆಯುವುದಕ್ಕಲ್ಲ. ಮನುಷ್ಯನ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವಿದೆ. ಬೆಕ್ಕಿನ ಜೊಲ್ಲಿನಲ್ಲಿ ಅದಿಲ್ಲ. ಅದರ ಕರುಳೂ ಗಿಡ್ಡ. ಚೆನ್ನಾಗಿ ಬೆಂದ ಅನ್ನವನ್ನು ಬೆಕ್ಕು ಒಂದು ಮಿತಿಯಲ್ಲಿ ಜೀರ್ಣಿಸಿಕೊಳ್ಳಬಲ್ಲದು. ಆದರೆ ಅನ್ನವನ್ನೇ ನೆಚ್ಚಿ ಬಾಳಲಾರದು.

ಇತರ ಪ್ರಾಣಿಗಳು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುವ ಹಲವು ವಸ್ತುಗಳನ್ನು ಬೆಕ್ಕು ತಯಾರಿಸಿಕೊಳ್ಳಲಾರದು. ಕ್ಯಾರೆಟ್ಟಿನಲ್ಲಿರುವ ಕೆರೋಟಿನ್ನಿನಿಂದ ನಾವು ಎ ಜೀವಸತ್ವವನ್ನು ಪಡೆಯುತ್ತೇವೆ. ಬೆಕ್ಕಿಗೆ ಅದು ಸಾಧ್ಯವಿಲ್ಲ. ಟಾರಿನ್ ಎಂಬ ಇನ್ನೊಂದು ವಸ್ತು ಮಾಂಸ, ಮೀನುಗಳಲ್ಲಿ ಹೇರಳವಾಗಿದ್ದು, ಧಾನ್ಯ, ಬೇಳೆಗಳಲ್ಲಿ ಇಲ್ಲವೆನ್ನಬಹುದು. ಹಾಲಿನ ಪ್ರೋಟೀನಾದ ಕೇಸಿನನ್ನೇ ಆಧರಿಸಿದ ಆಹಾರದಿಂದ ಬೆಳೆದ ಬೆಕ್ಕುಗಳ ಅಕ್ಷಿಪಟಲವು ಕ್ಷೀಣಿಸುವುದಕ್ಕೆ ಟಾರಿನ್ ಕೊರತೆಯೇ ಕಾರಣವೆಂದು 1975ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು, ಬೆಕ್ಕುಗಳಲ್ಲಿ ಹೃದಯವು ಹಿಗ್ಗಿ ದುರ್ಬಲವಾಗುವ ಒಂದು ರೋಗಕ್ಕೂ ಇದೇ ಕೊರತೆ ಕಾರಣವೆಂದು ಪ್ರಕಟಿಸಿದರು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಳ್ಳಬಹುದು. ಆದರೆ ನಾಶವಾದ ಅಕ್ಷಿಪಟಲ ಮತ್ತೆ ಬೆಳೆಯುವುದಿಲ್ಲ. ಹಾಲು-ಅನ್ನದಲ್ಲಿಯೇ ವರ್ಷಗಟ್ಟಲೆ ಬೆಳೆದ ಬೆಕ್ಕು ಮೇಲ್ನೋಟಕ್ಕೆ ದುಂಡಗೆ ಕಂಡರೂ ದೃಷ್ಟಿ ಕಳೆದುಕೊಳ್ಳುವ ಅಪಾಯ ಇದ್ದೇ ಇರುತ್ತದೆ.

ಹಾಲಿನ ವಿಚಾರ

ತಾಯಿಯ ಹಾಲು ಬಿಟ್ಟ ಮೇಲೆ ಮರಿಯ ಕರುಳಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕಡಿಮೆಯಾಗುತ್ತ ಹೋಗುತ್ತದೆ. ಜೀರ್ಣವಾಗದೆ ಉಳಿದ ಸಕ್ಕರೆಯು ಕರುಳಿಗೆ ನೀರನ್ನು ಎಳೆದು, ಹುಳಿತು, ಹೊಟ್ಟೆಯುಬ್ಬರವನ್ನೂ ಭೇದಿಯನ್ನೂ ಉಂಟುಮಾಡುತ್ತದೆ. ಎಲ್ಲ ಬೆಕ್ಕುಗಳಿಗೂ ಹೀಗಾಗುವುದಿಲ್ಲ. ಒಂದೆರಡು ಚಮಚ ಹಾಲು ಒಗ್ಗುವ ಬೆಕ್ಕಿಗೆ ಅದನ್ನು ರುಚಿಗಾಗಿ ಕೊಡಬಹುದು. ಆದರೆ ಹಾಲು ಆಹಾರದ ಸ್ಥಾನವನ್ನಾಗಲಿ ನೀರಿನ ಸ್ಥಾನವನ್ನಾಗಲಿ ತುಂಬಲಾರದು.

ಯೋಗ್ಯ ಆಹಾರ

ಸುಮಾರು 4 ಕಿಲೋಗ್ರಾಂ ತೂಗುವ ವಯಸ್ಕ ಬೆಕ್ಕಿಗೆ ದಿನಕ್ಕೆ 200ರಿಂದ 250 ಕ್ಯಾಲೊರಿ ಸಾಕು. ಇದನ್ನು ಎರಡು ಮೂರು ಸಲಕ್ಕೆ ಹಂಚಿ ಕೊಡುವುದು ಒಳ್ಳೆಯದು. ಬೆಕ್ಕಿಗಾಗಿಯೇ ತಯಾರಾದ, ಪೊಟ್ಟಣದ ಮೇಲೆ ಸಂಪೂರ್ಣ ಆಹಾರವೆಂದು ನಮೂದಿಸಿರುವ ಸಿದ್ಧ ಆಹಾರದಲ್ಲಿ ಟಾರಿನ್, ಜೀವಸತ್ವ, ಖನಿಜಗಳನ್ನು ಸೇರಿಸಿರುತ್ತಾರೆ. ನಾಯಿಗಾಗಿ ತಯಾರಿಸಿದ ಆಹಾರ ಬೆಕ್ಕಿಗೆ ಸಾಲದು.

ಮನೆಯಲ್ಲಿಯೇ ಅಡುಗೆ ಮಾಡುವವರು ಕೋಳಿಮಾಂಸ ಅಥವಾ ಮೀನನ್ನು ಉಪ್ಪು, ಖಾರ, ಒಗ್ಗರಣೆಯಿಲ್ಲದೆ ಬೇಯಿಸಿ, ಮೂಳೆ ಮುಳ್ಳು ತೆಗೆದು ಕೊಡಬೇಕು. ಬೇಯಿಸುವಾಗ ಟಾರಿನ್ ನೀರಿಗೆ ಇಳಿಯುವುದರಿಂದ ಆ ಸಾರನ್ನು ಚೆಲ್ಲದೆ ಅದರೊಂದಿಗೇ ಕೊಡತಕ್ಕದ್ದು. ಆದರೆ ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ಮಾಂಸವೊಂದನ್ನೇ ತಿಂದು ಬೆಳೆಯುವ ಮರಿಗಳ ಎಲುಬುಗಳು ಮೆತ್ತಗಾಗುತ್ತವೆ. ಆದುದರಿಂದ ಮನೆಯ ಆಹಾರಕ್ಕೆ ಏನೇನನ್ನು ಸೇರಿಸಬೇಕೆಂಬುದನ್ನು ಪಶುವೈದ್ಯರಿಂದ ಕೇಳಿ ತಿಳಿಯಬೇಕು.

ಮಾಂಸ ಬೇಯಿಸದ ಮನೆಗಳಲ್ಲಿ ಬೆಕ್ಕಿಗಾಗಿ ಅಡುಗೆಯ ಪದ್ಧತಿಯನ್ನು ಬದಲಿಸಬೇಕಾಗಿಲ್ಲ. ಸಿದ್ಧ ಆಹಾರವನ್ನು ಪ್ರತ್ಯೇಕ ಸ್ಥಳದಲ್ಲಿ, ಪ್ರತ್ಯೇಕ ತಟ್ಟೆಯಲ್ಲಿ ಇಟ್ಟರಾಯಿತು. ಆದರೆ ತಮ್ಮ ಆಹಾರನಿಯಮವನ್ನು ಬೆಕ್ಕಿಗೂ ಅನ್ವಯಿಸುವುದು ಯುಕ್ತವಲ್ಲ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು 1960ರ ಪ್ರಾಣಿಹಿಂಸೆ ತಡೆ ಅಧಿನಿಯಮದ ಪ್ರಕಾರ ಅಪರಾಧ.

ಹಾಲು-ಅನ್ನದ ಅಭ್ಯಾಸವಿರುವ ಬೆಕ್ಕನ್ನು ಒಂದೇ ದಿನದಲ್ಲಿ ಬದಲಿಸಲು ಹೋಗಬಾರದು. ಹೊಸ ಆಹಾರವನ್ನು ಹಳೆಯದರೊಂದಿಗೆ ಬೆರೆಸಿ, 7ರಿಂದ 10 ದಿನಗಳಲ್ಲಿ ಕ್ರಮವಾಗಿ ಹೆಚ್ಚಿಸಿದರೆ ಕರುಳು ಹೊಂದಿಕೊಳ್ಳುತ್ತದೆ.

ನೀರು

ಸಾಕುಬೆಕ್ಕಿನ ಪೂರ್ವಜರು ಒಣಪ್ರದೇಶದ ಕಾಡುಬೆಕ್ಕುಗಳು. ಬೇಟೆಯ ದೇಹದಲ್ಲಿದ್ದ ನೀರೇ ಅವುಗಳ ಅಗತ್ಯದ ಬಹುಭಾಗವನ್ನು ಪೂರೈಸುತ್ತಿತ್ತು. ಆದ್ದರಿಂದ ಬೆಕ್ಕಿಗೆ ಬಾಯಾರಿಕೆ ಕಡಿಮೆ. ಒಣ ಆಹಾರದಲ್ಲಿ ನೀರಿನ ಅಂಶ ಸುಮಾರು ಶೇಕಡಾ 10 ಮಾತ್ರ. ಅದನ್ನೇ ತಿನ್ನುವ ಬೆಕ್ಕು ಸಾಕಷ್ಟು ನೀರು ಕುಡಿಯದಿದ್ದರೆ ಮಲಬದ್ಧತೆ, ಮೂತ್ರದ ತೊಂದರೆಗಳಿಗೆ ಗುರಿಯಾಗಬಹುದು. ತಟ್ಟೆಯಿಂದ ಸ್ವಲ್ಪ ದೂರದಲ್ಲಿ, ಅಗಲ ಬಾಯಿಯ ಪಾತ್ರೆಯಲ್ಲಿ ದಿನವೂ ಹೊಸ ನೀರಿಡಬೇಕು.

ಕೊಡಬಾರದ ಪದಾರ್ಥಗಳು

ಈರುಳ್ಳಿ, ಬೆಳ್ಳುಳ್ಳಿಗಳು ಹಸಿಯಾಗಿರಲಿ ಬೆಂದಿರಲಿ, ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ. ನಮ್ಮ ಸಾರು, ಪಲ್ಯ, ಮಸಾಲೆಗಳಲ್ಲಿ ಇವು ಇರುವುದರಿಂದ ಉಳಿದ ಅಡುಗೆಯನ್ನು ಹಾಕುವ ರೂಢಿ ಅಪಾಯಕರ. ಚಾಕೊಲೇಟ್, ದ್ರಾಕ್ಷಿಗಳೂ ವರ್ಜ್ಯ. ಬೇಯಿಸಿದ ಕೋಳಿಮೂಳೆ ಚೂರಾಗಿ ಕರುಳಿಗೆ ಚುಚ್ಚಬಹುದು. ಕೆಲವು ಜಾತಿಯ ಹಸಿಮೀನುಗಳು ಬಿ1 ಜೀವಸತ್ವವನ್ನು ನಾಶಪಡಿಸುತ್ತವೆ. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ಪ್ರಾಣಾಂತಿಕ. ಅದನ್ನು ಎಂದಿಗೂ ಕೊಡಕೂಡದು.

ಹೂವು ಕಟ್ಟಿದ ದಾರದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಆಟವಾಡುತ್ತ ಬೆಕ್ಕು ನುಂಗಿದ ದಾರವು ಕರುಳನ್ನು ನೆರಿಗೆಗಟ್ಟಿಸಿ ಕೊಯ್ಯಬಲ್ಲದು. ಬಾಯಿಯಲ್ಲಾಗಲಿ ಗುದದ್ವಾರದಲ್ಲಾಗಲಿ ದಾರ ಜೋತುಬಿದ್ದಿದ್ದರೆ ಎಳೆಯದೆ, ಹಾಗೆಯೇ ವೈದ್ಯರ ಬಳಿಗೆ ಒಯ್ಯಬೇಕು.

ರೋಗಲಕ್ಷಣಗಳು

ಮೈ ನೆಕ್ಕಿಕೊಳ್ಳುವಾಗ ಒಳಹೋದ ಕೂದಲು ಉಂಡೆಯಾಗಿ ಆಗೊಮ್ಮೆ ಈಗೊಮ್ಮೆ ವಾಂತಿಯಾಗುವುದುಂಟು. ನಿತ್ಯವೂ ಮೈ ಬಾಚಿದರೆ ಇದು ಕಡಿಮೆಯಾಗುತ್ತದೆ. ಆದರೆ ಪದೇ ಪದೇ ಆಗುವ ವಾಂತಿ ಸಹಜವಲ್ಲ. ಗುದದ್ವಾರದ ಬಳಿ ಅಕ್ಕಿಕಾಳಿನಂತಹ ತುಣುಕುಗಳು ಕಂಡರೆ ಅವು ಲಾಡಿಹುಳುವಿನವು. ಇದು ಬೆಕ್ಕು ನುಂಗಿದ ಚಿಗಟಗಳಿಂದ ಬರುತ್ತದೆ. ದುಂಡುಹುಳು ತಾಯಿಯ ಹಾಲಿನ ಮೂಲಕವೇ ಮರಿಗೆ ತಗುಲಬಲ್ಲದು. ಜಂತುಹುಳುವಿನ ಔಷಧವನ್ನು ತೂಕಕ್ಕೆ ಅನುಗುಣವಾಗಿ ವೈದ್ಯರ ಸಲಹೆಯಂತೆ ಕೊಡಿಸಬೇಕು.

ಈ ಕೆಳಗಿನ ಸಂದರ್ಭಗಳಲ್ಲಿ ತಡಮಾಡಬಾರದು:

1. ಬೆಕ್ಕು ಒಂದು ದಿನಕ್ಕಿಂತ ಹೆಚ್ಚು ಕಾಲ ಏನನ್ನೂ ತಿನ್ನದಿದ್ದಾಗ. ಉಪವಾಸದಿಂದ ಹೊಟ್ಟೆ ಸರಿಹೋಗುತ್ತದೆಂಬ ನಮ್ಮ ನಂಬಿಕೆ ಬೆಕ್ಕಿಗೆ ಹೊಂದದು. ಕೆಲವೇ ದಿನ ಆಹಾರ ಬಿಟ್ಟರೂ, ಮುಖ್ಯವಾಗಿ ದಪ್ಪನೆಯ ಬೆಕ್ಕಿನಲ್ಲಿ, ದೇಹದ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಪ್ರಾಣಾಪಾಯವಾಗುತ್ತದೆ.
2. ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ ಕಂಡಾಗ.
3. ಲಸಿಕೆ ಹಾಕಿಸದ ಮರಿಗೆ ವಾಂತಿ, ಭೇದಿ ಒಟ್ಟಿಗೆ ಬಂದಾಗ.
4. ಗಂಡುಬೆಕ್ಕು ಪದೇ ಪದೇ ಮುಕ್ಕುತ್ತಿದ್ದಾಗ. ಇದು ಮಲಬದ್ಧತೆಯಂತೆ ಕಂಡರೂ ಮೂತ್ರನಾಳ ಕಟ್ಟಿರುವ ಸಂಭವವುಂಟು. ಮೂತ್ರ ಪೂರ್ತಿ ಕಟ್ಟಿದರೆ ಒಂದೆರಡು ದಿನಗಳಲ್ಲಿಯೇ ಸಾವು ಬರಬಹುದು.

ಮುಂಬಯಿಯ ಪರೇಲ್, ಚೆನ್ನೈನ ವೇಪೇರಿ, ಹೈದರಾಬಾದಿನ ರಾಜೇಂದ್ರನಗರಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಸಮೀಪದ ಸರ್ಕಾರಿ ಪಶು ಚಿಕಿತ್ಸಾಲಯ ಎಲ್ಲಿದೆ ಎಂಬುದನ್ನು ಬೆಕ್ಕು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ.

ಬೆಕ್ಕು ತನ್ನ ನೋವನ್ನು ಬಹಳ ಹೊತ್ತು ಅಡಗಿಸಿಕೊಳ್ಳುವ ಪ್ರಾಣಿ. ಅದರ ತಟ್ಟೆಯಲ್ಲಿ ಎಷ್ಟು ಉಳಿದಿದೆ, ಮಲ ಹೇಗಿದೆ, ನೀರು ಎಷ್ಟು ಇಳಿದಿದೆ ಎಂಬುದನ್ನು ದಿನವೂ ಒಮ್ಮೆ ಗಮನಿಸುವ ಮನೆಯಲ್ಲಿ ರೋಗವು ಮೊದಲ ಹಂತದಲ್ಲಿಯೇ ಪತ್ತೆಯಾಗುತ್ತದೆ.