ಅರ್ಧಕ್ಕೆ ನಿಂತ ಕಡತ

ಮಕ್ಕಳೇ, 2019ರ ಡಿಸೆಂಬರ್ 26ರ ಬೆಳಿಗ್ಗೆ ಒಂದು ಸೂರ್ಯಗ್ರಹಣ ಆಯಿತು. ಆಗ ನೀವು ತೀರ ಚಿಕ್ಕವರು. ನಿಮ್ಮ ಅಣ್ಣ, ಅಕ್ಕಂದಿರನ್ನು ಕೇಳಿದರೆ ಹೇಳುತ್ತಾರೆ. ಮಂಗಳೂರಿನಲ್ಲಿ, ಕೊಡಗಿನ ಕುಟ್ಟದಲ್ಲಿ ಸೂರ್ಯ ಬಳೆಯ ಹಾಗೆ ಕಂಡ. ಕರ್ನಾಟಕದ ಬಹುಭಾಗದಲ್ಲಿ ಕಂಡದ್ದು ಪಾರ್ಶ್ವ ಗ್ರಹಣ. ಅದಕ್ಕೆ ಒಂದು ವಾರ ಮೊದಲು ನಾನು ಒಂದು ಹಳ್ಳಿಯ ಶಾಲೆಗೆ ಹೋಗಿ ಗ್ರಹಣದ ಚಲನಚಿತ್ರ ತೋರಿಸುವುದಾಗಿ ಮಾತು ಕೊಟ್ಟಿದ್ದೆ. ಹಿಂದಿನ ರಾತ್ರಿ ಅಂತರಜಾಲದಿಂದ ಅದನ್ನು ಇಳಿಸಿಕೊಳ್ಳಲು ಗಣಕಯಂತ್ರಕ್ಕೆ ಹೇಳಿ ಮಲಗಿದೆ. ನಡುರಾತ್ರಿ ಕರೆಂಟು ಹೋಗಿ ಬಂದಿತ್ತು. ಬೆಳಿಗ್ಗೆ ನೋಡಿದರೆ ಕಡತ ಇದೆ, ಹೆಸರು ಸರಿಯಾಗಿದೆ, ಗಾತ್ರ 360 ಮೆಗಾಬೈಟ್. ಅಂತರಜಾಲದಲ್ಲಿ ಬರೆದದ್ದೂ ಅಷ್ಟೇ. ಪೆನ್ ಡ್ರೈವಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಶಾಲೆಯಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ಆರು, ಏಳನೇ ತರಗತಿಯವರೆಲ್ಲ ನೆಲದ ಮೇಲೆ ಕೂತಿದ್ದರು. ಚಿತ್ರ ಮೂರು ನಿಮಿಷ ಚೆನ್ನಾಗಿ ಓಡಿತು. ಚಂದ್ರ ಸೂರ್ಯನ ಅಂಚನ್ನು ಮುಟ್ಟುವ ಹೊತ್ತಿಗೆ ಸರಿಯಾಗಿ ನಿಂತುಬಿಟ್ಟಿತು. ಮುಂದಕ್ಕೆ ಎಳೆದರೆ ಒಂದಷ್ಟು ಬಣ್ಣಬಣ್ಣದ ಚೌಕಗಳು, ಮತ್ತೆ ಕಪ್ಪು. ಉಳಿದ ಪಾಠವನ್ನು ಒಂದು ರೂಪಾಯಿಯ ನಾಣ್ಯ ಹಿಡಿದು ಹೇಗೋ ಮುಗಿಸಿದೆ. ಹೊರಡುವಾಗ ಏಳನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸರ್, ಪೂರ್ತಿ ಬಂದಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

ಗಾತ್ರ ತಾಳೆ ನೋಡಿದ್ದೆ ಎಂದೆ. ಅವಳು ತಲೆಯಾಡಿಸಿದಳು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ. ಅವಳ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬೇಕಾದರೆ ಡೌನ್‌ಲೋಡ್ ಮ್ಯಾನೇಜರ್ ಎಂಬ ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಬನ್ನಿ, ನೋಡೋಣ.

ಬೈಟುಗಳ ಸಾಲು

ಪಾಠವಾಗಲಿ, ಹಾಡಾಗಲಿ, ಚಿತ್ರವಾಗಲಿ, ಗಣಕಯಂತ್ರಕ್ಕೆ ಅದು ಬೈಟುಗಳ ಒಂದು ಉದ್ದನೆಯ ಸಾಲು. ಒಂದು ಬೈಟ್ ಎಂದರೆ 8 ಬಿಟ್‌ಗಳು, ಅಂದರೆ 0 ಅಥವಾ 1 ಎಂಬ ಎಂಟು ಗುರುತುಗಳು. ಇಂಗ್ಲಿಷಿನ ಒಂದು ಅಕ್ಷರ ಬರೆಯಲು ಒಂದು ಬೈಟ್ ಸಾಕು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ‘ಕ’ ಅಕ್ಷರಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂದು ಬರೆಯಲು 15 ಬೈಟ್. ಹೇಗೆ 15 ಎಂದು ಕೇಳಿದಿರಾ? ಕ, ನ, ಒತ್ತಕ್ಷರ ಬರಿಸುವ ಅರ್ಧಾಕ್ಷರದ ಚಿಹ್ನೆ, ಇನ್ನೊಂದು ನ, ಡ. ಒಟ್ಟು ಐದು, ಒಂದೊಂದಕ್ಕೆ ಮೂರು.

ಈ ಸಾಲಿನ ಪ್ರತಿ ಬೈಟಿಗೂ ಒಂದು ಕ್ರಮಸಂಖ್ಯೆ ಇದೆ. ಎಣಿಕೆ ಒಂದರಿಂದಲ್ಲ, ಸೊನ್ನೆಯಿಂದ ಶುರು. 10 ಬೈಟಿನ ಕಡತದಲ್ಲಿ ಕೊನೆಯ ಬೈಟಿನ ಸಂಖ್ಯೆ 9. ಇದನ್ನು ನೆನಪಿಡಿ, ಮುಂದೆ ಲೆಕ್ಕಕ್ಕೆ ಬೇಕು.

ಈಗ ವೇಗ. ಅಂತರಜಾಲದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟುಗಳಲ್ಲಿ. ದೊಡ್ಡವರೂ ಇಲ್ಲಿ ಎಡವುತ್ತಾರೆ. ನನ್ನ 360 ಮೆಗಾಬೈಟಿನ ಚಿತ್ರವನ್ನು ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ತರಲು ಎಷ್ಟು ಹೊತ್ತು? 360 ಅನ್ನು 8ರಿಂದ ಗುಣಿಸಿದರೆ 2880 ಮೆಗಾಬಿಟ್. ಅಂದರೆ 2880 ಸೆಕೆಂಡು, 48 ನಿಮಿಷ. 40ನೇ ನಿಮಿಷಕ್ಕೆ ಕರೆಂಟು ಹೋಯಿತು ಎನ್ನಿ. ಅಷ್ಟರಲ್ಲಿ 300 ಮೆಗಾಬೈಟ್ ಬಂದಿರುತ್ತದೆ. ಮತ್ತೆ ಮೊದಲಿನಿಂದ ತಂದರೆ ಇನ್ನೂ 48 ನಿಮಿಷ. ಉಳಿದದ್ದನ್ನು ಮಾತ್ರ ತಂದರೆ 8 ನಿಮಿಷ.

ಬಿಟ್ಟಲ್ಲಿಂದ ಮುಂದಕ್ಕೆ

ಉಳಿದದ್ದನ್ನು ಮಾತ್ರ ತರಲು ಎರಡು ಕಡೆಯವರ ಸಹಕಾರ ಬೇಕು. ಕಡತವನ್ನು ಇಟ್ಟುಕೊಂಡು ಕೇಳಿದವರಿಗೆ ಕಳಿಸುವ ಆ ಕಡೆಯ ಯಂತ್ರಕ್ಕೆ ಸರ್ವರ್ ಎನ್ನುತ್ತಾರೆ. ಈ ಕಡೆಯ ತಂತ್ರಾಂಶ ಅದಕ್ಕೆ ಹೀಗೆ ಕೋರಿಕೆ ಕಳಿಸುತ್ತದೆ: “30,00,00,000ನೇ ಸಂಖ್ಯೆಯ ಬೈಟಿನಿಂದ ಕೊನೆಯವರೆಗೆ ಕೊಡಿ.” ಬಂದಿರುವ 30 ಕೋಟಿ ಬೈಟುಗಳ ಸಂಖ್ಯೆ 0ಯಿಂದ 29,99,99,999ರವರೆಗೆ. ಆದ್ದರಿಂದ ಮುಂದಿನದು 30 ಕೋಟಿಯೇ. ಒಂದು ಹೆಚ್ಚು ಕೇಳಿದರೆ ನಡುವೆ ಒಂದು ಬೈಟ್ ಕಳೆದುಹೋಗುತ್ತದೆ.

ಹೀಗೆ ಭಾಗ ಕೇಳುವ ಪದ್ಧತಿಯನ್ನು ಜಾಲತಾಣಗಳ ನಿಯಮಾವಳಿಯಾದ ಎಚ್‌ಟಿಟಿಪಿಯ 1.1ನೇ ಆವೃತ್ತಿಯಲ್ಲಿ, 1997ರಲ್ಲಿ, ಬರೆದಿಟ್ಟರು. ಸರ್ವರ್ ಒಪ್ಪಿದರೆ 206 ಎಂಬ ಸಂಕೇತ ಕಳಿಸುತ್ತದೆ. ‘ನೀವು ಕೇಳಿದ ಭಾಗ ಇದು’ ಎಂದು ಅದರ ಅರ್ಥ. 200 ಎಂದು ಕಳಿಸಿದರೆ ‘ಭಾಗ ಕೊಡುವುದಿಲ್ಲ, ಇಡೀ ಕಡತ ತಗೊಳ್ಳಿ’ ಎಂದು. ಎಲ್ಲ ಸರ್ವರುಗಳೂ ಭಾಗ ಕೊಡುವುದಿಲ್ಲ. ಆಗ ಎಂಥ ತಂತ್ರಾಂಶವಾದರೂ ಮೊದಲಿನಿಂದ ಶುರು ಮಾಡದೆ ವಿಧಿಯಿಲ್ಲ.

ನಿಧಾನದ, ಆಗಾಗ ಕಡಿದುಹೋಗುವ ಸಂಪರ್ಕಗಳಿಗೆ ಹೇಳಿ ಮಾಡಿಸಿದ ಒಂದು ತಂತ್ರಾಂಶ ಡಬ್ಲ್ಯುಗೆಟ್. ಕ್ರೊವೇಷಿಯಾ ದೇಶದ ಹರ್ವೊಯೆ ನಿಕ್ಷಿಚ್ ಎಂಬವರು ಅದನ್ನು ಬರೆದು 1996ರಲ್ಲಿ ಹೊರತಂದರು. ಅದು ಉಚಿತ, ಈಗಲೂ ಬಳಕೆಯಲ್ಲಿದೆ. ಅದಕ್ಕೆ ‘ಸಿ’ ಎಂಬ ಒಂದೇ ಅಕ್ಷರದ ಸೂಚನೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಸುತ್ತದೆ. ಇಂದಿನ ಬ್ರೌಸರುಗಳೂ ಈ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ. ನೀವು ಒಂದು ಪಠ್ಯಪುಸ್ತಕದ ಅರ್ಧ ತಂದಿದ್ದೀರಿ. ಮರುದಿನ ಸರ್ವರಿನಲ್ಲಿ ಆ ಪುಸ್ತಕದ ತಿದ್ದಿದ ಆವೃತ್ತಿಯನ್ನು ಅದೇ ಹೆಸರಿನಲ್ಲಿ ಹಾಕಿಬಿಟ್ಟರು. ನೀವು ಉಳಿದರ್ಧ ತಂದರೆ ಏನಾಗುತ್ತದೆ? ಹಳೆಯ ಪುಸ್ತಕದ ತಲೆಗೆ ಹೊಸ ಪುಸ್ತಕದ ಕಾಲು! ಇದನ್ನು ತಪ್ಪಿಸಲು ಸರ್ವರ್ ಕಡತದ ಜೊತೆ ಒಂದು ಗುರುತಿನ ಚೀಟಿ ಕೊಡಬಹುದು. ಕಡತ ಬದಲಾದರೆ ಚೀಟಿಯೂ ಬದಲಾಗುತ್ತದೆ. ಒಳ್ಳೆಯ ಡೌನ್‌ಲೋಡ್ ಮ್ಯಾನೇಜರ್ ಮುಂದುವರಿಸುವ ಮೊದಲು ಆ ಚೀಟಿಯನ್ನು ನೋಡುತ್ತದೆ.

ನಾಲ್ಕು ತುಂಡು, ಒಂದು ಟವೆಲ್

ಬಿಟ್ಟಲ್ಲಿಂದ ಕೇಳಬಹುದಾದರೆ ನಡುವಿನಿಂದಲೂ ಕೇಳಬಹುದಲ್ಲವೇ? ಡೌನ್‌ಲೋಡ್ ಮ್ಯಾನೇಜರುಗಳು ಅದನ್ನೇ ಮಾಡುತ್ತವೆ. ನನ್ನ 360 ಮೆಗಾಬೈಟಿನ ಚಿತ್ರವನ್ನು 90 ಮೆಗಾಬೈಟಿನ ನಾಲ್ಕು ತುಂಡು ಮಾಡಿ, ನಾಲ್ಕನ್ನೂ ಒಟ್ಟಿಗೇ ಕೇಳುತ್ತವೆ. ಮೊದಲ ತುಂಡು 0ಯಿಂದ 8,99,99,999ರವರೆಗೆ, ಎರಡನೆಯದು 9,00,00,000ರಿಂದ 17,99,99,999ರವರೆಗೆ, ಹೀಗೆ. ನಾಲ್ಕು ಮಕ್ಕಳು ಒಂದು ಪಾಠವನ್ನು ಹತ್ತು ಹತ್ತು ಸಾಲಿನಂತೆ ಹಂಚಿಕೊಂಡು ಬರೆದು ಕೊನೆಗೆ ಹಾಳೆಗಳನ್ನು ಜೋಡಿಸಿದ ಹಾಗೆ.

ತುಂಡುಗಳನ್ನು ಇಡಲು ಜಾಗ ಬೇಕು. ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುವವರನ್ನು ನೋಡಿದ್ದೀರಲ್ಲ? ಕೆಲವು ತಂತ್ರಾಂಶಗಳು ಹಾಗೆಯೇ ಮಾಡುತ್ತವೆ. ಒಂದು ಬೈಟೂ ಬರುವ ಮೊದಲೇ ಡಿಸ್ಕಿನಲ್ಲಿ 360 ಮೆಗಾಬೈಟ್ ಜಾಗ ಹಿಡಿದು ಇಡುತ್ತವೆ. ಇದು ತಪ್ಪಲ್ಲ. ಅರ್ಧ ದಾರಿಯಲ್ಲಿ ಡಿಸ್ಕಿನಲ್ಲಿ ಜಾಗ ಸಾಲದೆ ಹೋಗುವ ಭಯ ಇರುವುದಿಲ್ಲ, ಕಡತವೂ ಚೂರುಚೂರಾಗಿ ಚದುರುವುದು ಕಡಿಮೆ. ಆದರೆ ಟವೆಲ್ ಇದ್ದ ಮಾತ್ರಕ್ಕೆ ಸೀಟಿನಲ್ಲಿ ಜನ ಇದ್ದಾರೆ ಎಂದಲ್ಲ!

ನನಗೆ ಆದದ್ದು ಇದೇ. ಹೆಸರು ಇತ್ತು, ಗಾತ್ರ ಇತ್ತು, ಒಳಗೆ ನಾಲ್ಕು ತುಂಡುಗಳ ಒಂದೊಂದು ಭಾಗ ಮಾತ್ರ ಬಂದು, ಉಳಿದ ಜಾಗದಲ್ಲೆಲ್ಲ ಸೊನ್ನೆಗಳೇ ಇದ್ದವು. ಮೊದಲ ತುಂಡಿನ ಆರಂಭ ಬಂದಿದ್ದರಿಂದ ಮೂರು ನಿಮಿಷ ಓಡಿತು. ನಡುನಡುವೆ ಬಣ್ಣದ ಚೌಕ ಕಂಡದ್ದು ಬೇರೆ ತುಂಡುಗಳ ತಲೆಭಾಗ.

ಯಾವ ತುಂಡು ಎಷ್ಟು ಬಂದಿದೆ ಎಂದು ಇಂಥ ತಂತ್ರಾಂಶ ಒಂದು ಲೆಕ್ಕದ ಪುಸ್ತಕ ಇಟ್ಟಿರುತ್ತದೆ. ಕೆಲವು ಅದನ್ನು ಮುಖ್ಯ ಕಡತದ ಪಕ್ಕದಲ್ಲೇ ಇನ್ನೊಂದು ಚಿಕ್ಕ ಕಡತವಾಗಿ ಇಡುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ತಾನೇ ಅಳಿಸುತ್ತವೆ. ಆ ಬೆಳಿಗ್ಗೆ ನನ್ನ ಚಿತ್ರದ ಪಕ್ಕದಲ್ಲಿ ಅಂಥದೊಂದು ಚಿಕ್ಕ ಕಡತ ಕೂತೇ ಇತ್ತು. ಕಸ ಎಂದುಕೊಂಡು ಬಿಟ್ಟು ಬಂದಿದ್ದೆ. ಇನ್ನು ಕೆಲವು ತಂತ್ರಾಂಶಗಳು ಮುಗಿಯದ ಕಡತದ ಹೆಸರಿಗೇ ಬಾಲ ಹಚ್ಚುತ್ತವೆ. ಫೈರ್‌ಫಾಕ್ಸ್ ‘.ಪಾರ್ಟ್’ ಎಂದೂ, ಕ್ರೋಮ್ ‘.ಸಿಆರ್‌ಡೌನ್‌ಲೋಡ್’ ಎಂದೂ ಹಚ್ಚುತ್ತದೆ. ಬಾಲವನ್ನು ನೀವೇ ಕತ್ತರಿಸಿ ಹೆಸರು ಬದಲಿಸಿದರೆ ಕಡತ ಪೂರ್ತಿಯಾಗುವುದಿಲ್ಲ.

ನಲ್ಲಿ ಒಂದೇ ಇದ್ದಾಗ

ನಾಲ್ಕು ತುಂಡು ಮಾಡಿದರೆ ನಾಲ್ಕು ಪಟ್ಟು ಬೇಗ ಬರುತ್ತದೆಯೇ? ಜಾಹೀರಾತುಗಳು ಹಾಗೆ ಹೇಳುತ್ತವೆ. ಬೀದಿ ನಲ್ಲಿಯ ಕೆಳಗೆ ನಾಲ್ಕು ಕೊಡ ಇಟ್ಟರೆ ನೀರು ಹೆಚ್ಚು ಬರುತ್ತದೆಯೇ, ಹೇಳಿ. ನಿಮ್ಮ ಶಾಲೆಯ ಸಂಪರ್ಕವೇ ಸಣ್ಣದಾಗಿದ್ದರೆ ತುಂಡು ಮಾಡಿ ಏನೂ ಲಾಭವಿಲ್ಲ. ಸರ್ವರ್ ಒಂದೊಂದು ಕೋರಿಕೆಗೆ ಇಷ್ಟೇ ವೇಗ ಎಂದು ಮಿತಿ ಹಾಕಿದ್ದು, ನಿಮ್ಮ ಸಂಪರ್ಕ ದೊಡ್ಡದಾಗಿದ್ದರೆ ಮಾತ್ರ ಲಾಭ. ಅದೂ ಇತರರ ಪಾಲಿನದನ್ನು ಎಳೆದುಕೊಂಡಂತೆ. ಕೆಲವು ಸರ್ವರುಗಳು ಹಾಗೆ ಮಾಡುವವರಿಗೆ ಬಾಗಿಲು ಹಾಕುವುದೂ ಉಂಟು. ನನ್ನ ಮಟ್ಟಿಗೆ ಡೌನ್‌ಲೋಡ್ ಮ್ಯಾನೇಜರಿನ ಬೆಲೆ ಇರುವುದು ವೇಗದಲ್ಲಲ್ಲ, ಅದು ಇಡುವ ಲೆಕ್ಕದಲ್ಲಿ.

ಇನ್ನೊಂದು ಉಪಯೋಗ ಸರದಿ. ಹತ್ತು ಕಡತಗಳನ್ನು ಒಟ್ಟಿಗೆ ತರುವ ಬದಲು ಒಂದಾದ ಮೇಲೊಂದು ತರಲು ಹೇಳಬಹುದು. ಆಗ ಸಂಜೆ ಸಂಪರ್ಕ ಕಡಿದರೂ ಹತ್ತು ಅರ್ಧಂಬರ್ಧ ಕಡತಗಳ ಬದಲು ಐದಾರಾದರೂ ಪೂರ್ತಿ ಕೈಗೆ ಸಿಕ್ಕಿರುತ್ತವೆ.

ಬಂದ ಕಡತಗಳೆಲ್ಲ ಒಂದೇ ಫೋಲ್ಡರಿಗೆ ಬಿದ್ದರೆ ವರ್ಷದ ಕೊನೆಗೆ ಹುಡುಕುವುದು ಕಷ್ಟ. ಪುಸ್ತಕ, ಚಿತ್ರ, ಧ್ವನಿ ಎಂದು ಬೇರೆ ಬೇರೆ ಫೋಲ್ಡರಿಗೆ ಹಾಕುವಂತೆ ಮೊದಲೇ ಹೇಳಿಡಬಹುದು. ಹೆಸರಿನಲ್ಲಿ ದಿನಾಂಕ ಬೇಕಾದರೆ 2019-12-26 ಎಂದು ವರ್ಷ ಮೊದಲು ಬರೆಯಿರಿ. ಆಗ ಗಣಕಯಂತ್ರ ಅವುಗಳನ್ನು ತಾನಾಗಿ ಕಾಲಕ್ರಮದಲ್ಲಿ ಜೋಡಿಸುತ್ತದೆ. 26-12-2019 ಎಂದು ಬರೆದರೆ ಎಲ್ಲ ತಿಂಗಳುಗಳ 26ನೇ ತಾರೀಖುಗಳೂ ಒಂದೆಡೆ ಸೇರುತ್ತವೆ. ಬೇಕಾದರೆ ಮಾಡಿ ನೋಡಿ. ಅಂದ ಹಾಗೆ, ಅಂತರಜಾಲದ ಕೆಲವು ಪುಟಗಳಲ್ಲಿ ‘ಡೌನ್‌ಲೋಡ್’ ಎಂಬ ದೊಡ್ಡ ಹಸಿರು ಗುಂಡಿಗಳೇ ಮೋಸದವು. ಶಿಕ್ಷಕರನ್ನು ಕೇಳದೆ ಯಾವ ತಂತ್ರಾಂಶವನ್ನೂ ಶಾಲೆಯ ಯಂತ್ರಕ್ಕೆ ಹಾಕಬೇಡಿ.

ಹುಡುಗಿಯ ಪ್ರಶ್ನೆಗೆ ಉತ್ತರ

ಗಾತ್ರ ಸಾಲದು ಎಂದಾಯಿತು. ಮತ್ತೆ ಹೇಗೆ ತಿಳಿಯುವುದು? ಒಂದು ಚಟುವಟಿಕೆ ಮಾಡಿ. ನೀವು ಗೆಳತಿಗೆ 4, 2, 7, 1, 5 ಎಂಬ ಅಂಕಿಗಳನ್ನು ಚೀಟಿಯಲ್ಲಿ ಕಳಿಸುತ್ತೀರಿ. ಜೊತೆಗೆ ಅವುಗಳ ಮೊತ್ತ 19 ಎಂದೂ ಬರೆಯುತ್ತೀರಿ. ಅವಳು ಕೂಡಿ ನೋಡಿ 19 ಬಂದರೆ ಸರಿ ಎನ್ನುತ್ತಾಳೆ. 7 ಅಳಿಸಿ 0 ಆಗಿದ್ದರೆ ಮೊತ್ತ 12 ಬರುತ್ತದೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ 2 ಮತ್ತು 7 ಅದಲುಬದಲಾಗಿ 4, 7, 2, 1, 5 ಎಂದು ತಲುಪಿದರೆ? ಮೊತ್ತ ಆಗಲೂ 19. ತಪ್ಪು ತಪ್ಪಿಸಿಕೊಂಡಿತು.

ಈಗ ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಸ್ಥಾನದ ಸಂಖ್ಯೆಯಿಂದ ಗುಣಿಸಿ ಕೂಡಿ. ಮೊದಲಿನ ಸಾಲಿಗೆ 4 + 4 + 21 + 4 + 25, ಅಂದರೆ 58. ಅದಲುಬದಲಾದ ಸಾಲಿಗೆ 4 + 14 + 6 + 4 + 25, ಅಂದರೆ 53. ಈ ಸಲ ಸಿಕ್ಕಿಬಿತ್ತು!

ಗಣಕಯಂತ್ರಗಳು ಬಳಸುವ ತಾಳೆಸಂಖ್ಯೆ ಇದೇ ಜಾತಿಯದು, ಆದರೆ ಬಹಳ ಜಟಿಲ. ಎಸ್‌ಎಚ್‌ಎ-256 ಎಂಬ ವಿಧಾನ ಎಷ್ಟೇ ದೊಡ್ಡ ಕಡತವಿರಲಿ, ಅದರ ಎಲ್ಲ ಬೈಟುಗಳನ್ನೂ ಕಲಸಿ 64 ಚಿಹ್ನೆಗಳ ಒಂದು ಸಾಲು ಕೊಡುತ್ತದೆ. ಚಿಹ್ನೆಗಳು 0ಯಿಂದ 9, ಇಂಗ್ಲಿಷಿನ ಎ ಯಿಂದ ಎಫ್. ಕಡತದಲ್ಲಿ ಒಂದೇ ಒಂದು ಬೈಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಉಬುಂಟು, ಲಿಬ್ರೆ ಆಫೀಸ್‌ನಂಥ ತಂತ್ರಾಂಶಗಳನ್ನು ಹಂಚುವವರು ಕಡತದ ಜೊತೆ ಈ ಸಾಲನ್ನೂ ಪ್ರಕಟಿಸುತ್ತಾರೆ. ನಿಮಗೆ ಬಂದ ಕಡತದಿಂದ ಅದೇ ಸಾಲು ಬಂದರೆ ಪೂರ್ತಿ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು. ತಾಳೆಸಂಖ್ಯೆ ಕೊಡದ ಕಡತಗಳೂ ಎಷ್ಟೋ ಇವೆ. ಅವುಗಳಿಗೆ ನಾನು ಈಗ ಮಾಡುವುದು ಇಷ್ಟು: ಮ್ಯಾನೇಜರಿನ ಪಟ್ಟಿಯಲ್ಲಿ ‘ಪೂರ್ಣ’ ಎಂದು ಬಂದಿದೆಯೇ ನೋಡುತ್ತೇನೆ, ಚಿತ್ರವಾದರೆ ಕೊನೆಯ ನಿಮಿಷವನ್ನೂ ನಡುವಿನ ಎರಡು ಕಡೆಗಳನ್ನೂ ಓಡಿಸಿ ನೋಡುತ್ತೇನೆ, ಆಮೇಲೆ ಬಸ್ಸು ಹತ್ತುತ್ತೇನೆ.

ನೀವೇ ಮಾಡಿ

120 ಮೆಗಾಬೈಟಿನ ಒಂದು ಕಡತವನ್ನು ಮೂರು ಸಮ ತುಂಡು ಮಾಡಿ ತರಲಾಗುತ್ತಿದೆ. ಕರೆಂಟು ಹೋದಾಗ ಮೊದಲ ತುಂಡಿನಲ್ಲಿ 25, ಎರಡನೆಯದರಲ್ಲಿ 40, ಮೂರನೆಯದರಲ್ಲಿ 10 ಮೆಗಾಬೈಟ್ ಬಂದಿತ್ತು. ಕರೆಂಟು ಬಂದ ಮೇಲೆ ತಂತ್ರಾಂಶ ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಕೇಳಬೇಕು? ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಇನ್ನೆಷ್ಟು ಹೊತ್ತು ಬೇಕು? ಒಂದು ಮೆಗಾಬೈಟಿಗೆ 10 ಲಕ್ಷ ಬೈಟ್ ಎಂದು ಹಿಡಿಯಿರಿ.

ಉತ್ತರ: ಮೊದಲ ತುಂಡಿಗೆ 2,50,00,000ರಿಂದ 3,99,99,999ರವರೆಗೆ. ಎರಡನೆಯದು ಪೂರ್ತಿ ಬಂದಿದೆ. ಮೂರನೆಯದಕ್ಕೆ 9,00,00,000ರಿಂದ 11,99,99,999ರವರೆಗೆ. ಉಳಿದದ್ದು 45 ಮೆಗಾಬೈಟ್, ಬೇಕಾಗುವ ಸಮಯ 6 ನಿಮಿಷ.