ಹೆಸರೊಂದು ತಾಳೆಯಾದರೆ ಸಾಲದು

ಟೆಕ್ಸಾಸಿನ ಹಳ್ಳಿಗಾಡಿನಲ್ಲಿ ಮಗು ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಳ್ಳುವ ಮುನ್ನ ಪೂರ್ವಾಪರ ವಿಚಾರಿಸುತ್ತೀರಲ್ಲ, ಒಳ್ಳೆಯದೇ. ಆದರೆ ಇಂಟರ್ನೆಟ್ಟಿನಲ್ಲಿ ಏನೂ ಸಿಗಲಿಲ್ಲವೆಂದು ನಿಶ್ಚಿಂತರಾಗಬೇಡಿ. ಸಣ್ಣ ಕೌಂಟಿಗಳ ಹಳೆಯ ಕಡತಗಳು ಎಷ್ಟೋ ಇನ್ನೂ ಕೋರ್ಟಿನ ಕಪಾಟಿನಲ್ಲೇ ಇವೆ. ಫೋನ್ ಮಾಡಿ, ಇಲ್ಲವೇ ಹೋಗಿ ಕೇಳಿ. ಗಂಭೀರ ಅಪರಾಧಗಳ ದಾಖಲೆ ಡಿಸ್ಟ್ರಿಕ್ಟ್ ಕ್ಲರ್ಕ್ ಬಳಿ, ಅದಕ್ಕಿಂತ ಕೆಳಗಿನವು ಹೆಚ್ಚಾಗಿ ಕೌಂಟಿ ಕ್ಲರ್ಕ್ ಬಳಿ. ತೀರಾ ಚಿಕ್ಕ ಕೌಂಟಿಯಲ್ಲಿ ಎರಡೂ ಕೆಲಸ ಒಬ್ಬರದೇ, ಸ್ವಲ್ಪ ತಾಳ್ಮೆಯಿರಲಿ. ರಾಜ್ಯದಲ್ಲಿ ಕೌಂಟಿಗಳೇ 254, ಹಾಗಾಗಿ ಒಂದೇ ಕಡೆ ನೋಡಿ ಬಿಡಬೇಡಿ. ಆ ವ್ಯಕ್ತಿ ಹಿಂದೆ ಎಲ್ಲೆಲ್ಲಿದ್ದರೋ ಅಲ್ಲೂ ನೋಡಿ. ಹೆಸರಿನ ಜೊತೆ ಹುಟ್ಟಿದ ದಿನಾಂಕವನ್ನೂ ತಾಳೆ ಹಾಕಿ. ಬಂಧನ ಕಂಡೊಡನೆ ಬೆಚ್ಚದೆ ತೀರ್ಪಿನವರೆಗೂ ಓದಿ, ಪಾಪ, ಖುಲಾಸೆಯಾಗಿದ್ದರೂ ಇರಬಹುದು. ಹಿನ್ನೆಲೆ ಪರಿಶೀಲಿಸುವ ಏಜೆನ್ಸಿಯಿಂದ ವರದಿ ತರಿಸುವುದಾದರೆ ಮೊದಲು ಆ ವ್ಯಕ್ತಿಯ ಲಿಖಿತ ಒಪ್ಪಿಗೆ ಪಡೆಯಿರಿ. ಫೆಡರಲ್ ಕಾನೂನಿನಲ್ಲಿ ಅದು ಕಡ್ಡಾಯ.