ನಂಜಿಗೆ ಮುಂಚಿತವಾದ ಸಿದ್ಧತೆ



ಹಾರೋಹಳ್ಳಿಯ ಸುತ್ತಣ ನಮ್ಮ ಸಭೆಗಳಲ್ಲಿ ಹಿರಿಯರು ಹಿಪ್ಪುನೇರಳೆಯ ತೋಟಕ್ಕೆ ಗೊಬ್ಬರ ಹೊತ್ತು, ರಾಗಿಯ ಹೊಲವನ್ನು ಉತ್ತು ಬದುಕುವರು. ಯೌವನಸ್ಥರು ಕೈಗಾರಿಕಾ ಪ್ರದೇಶಕ್ಕೆ ಹೋಗಿ ತಗಡು, ಕಂಬಿ, ಯಂತ್ರಗಳ ನಡುವೆ ಪಾಳಿಯ ಕೆಲಸ ಮಾಡುವರು. ಈ ಇಬ್ಬರಿಗೂ ಒಂದೇ ಅಪಾಯವುಂಟು. ಕಾಲಿಗೆ ಮೊಳೆ ಚುಚ್ಚುವದು, ಕೈಗೆ ತಗಡಿನ ಅಂಚು ತಗಲುವದು, ಗಾಯವು ಸಣ್ಣದೆಂದು ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹಿಂದಿರುಗುವದು. ಇಂಥಾ ಗಾಯದ ಮೂಲಕವೇ ಧನುರ್ವಾಯುವು ಒಳಹೊಗುತ್ತದೆ.

ಈ ರೋಗದಲ್ಲಿ ಮೊದಲು ದವಡೆ ಬಿಗಿಯುವದು, ಬಳಿಕ ಕತ್ತು ಸೆಟೆಯುವದು, ಕಡೆಗೆ ಬೆನ್ನು ಬಿಲ್ಲಿನಂತೆ ಬಾಗುವದು. ಆದಕಾರಣವೇ ಇದಕ್ಕೆ ಧನುಸ್ಸಿನ ಹೆಸರು ಬಂದಿತು. ರೋಗಿಗೆ ಬುದ್ಧಿ ತಪ್ಪುವದಿಲ್ಲ. ಎಲ್ಲಾ ನೋವನ್ನು ಅರಿತೇ ಅನುಭವಿಸುವನು. ಇದನ್ನು ಗಾಳಿ ಸೋಕಿದ್ದು ಎಂದು ಹೇಳಿ ಯಂತ್ರ ಕಟ್ಟಿಸುವವರು ಇನ್ನೂ ಇದ್ದಾರೆ. ಇದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಮಣ್ಣಿನಲ್ಲಿಯೂ ಪಶುಗಳ ಸಗಣಿಯಲ್ಲಿಯೂ ಇರುವ ಒಂದು ಸೂಕ್ಷ್ಮ ಕ್ರಿಮಿಯ ಬೀಜವು ಇದಕ್ಕೆ ಕಾರಣ. ಆ ಬೀಜವು ವರುಷಗಟ್ಟಲೆ ಒಣಗಿ ಬಿದ್ದಿದ್ದರೂ ಸಾಯದು. ಕೆಲವು ನಿಮಿಷ ಕುದಿಸಿದರೂ ಉಳಿದುಕೊಳ್ಳಬಲ್ಲದು. ಅದು ಗಾಳಿಯಾಡದ ಕಡೆಯಲ್ಲಿ ಮೊಳೆಯುತ್ತದೆ. ಆದ್ದರಿಂದ ಅಗಲವಾದ ಗಾಯಕ್ಕಿಂತ ಆಳವಾಗಿ ಚುಚ್ಚಿದ ಸಣ್ಣ ತೂತೇ ಅದಕ್ಕೆ ಅನುಕೂಲ. ತುಕ್ಕು ಹಿಡಿದ ಮೊಳೆಗೆ ಮಾತ್ರ ಅಂಜಬೇಕೆಂದು ಎಣಿಸುವವರುಂಟು. ತುಕ್ಕಿನಲ್ಲಿ ರೋಗವಿಲ್ಲ, ಮಣ್ಣು ಮೆತ್ತಿದ ಹೊಸ ಮೊಳೆಯೂ ಅಷ್ಟೇ ಕೇಡಿನದು.

ಇಲ್ಲಿ ತಿಳಿಯತಕ್ಕ ಮುಖ್ಯ ವಿಷಯವೇನಂದರೆ, ಕ್ರಿಮಿಯು ಗಾಯದಲ್ಲಿಯೇ ಕುಳಿತಿರುತ್ತದೆ. ಮನುಷ್ಯನನ್ನು ಕೊಲ್ಲುವಂಥಾದ್ದು ಅದು ಉಗುಳುವ ನಂಜು. ಗಂಟಲಮಾರಿಯ ವಿಷಯದಲ್ಲಿ ಇದನ್ನು 1888ರಲ್ಲಿ ಪ್ಯಾರಿಸ್ ಪಟ್ಟಣದ ರೂ, ಯೆರ್ಸಿನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಕ್ರಿಮಿ ಬೆಳೆದ ಸಾರನ್ನು ಅವರು ಪಿಂಗಾಣಿಯಲ್ಲಿ ಸೋಸಿದರು. ಕ್ರಿಮಿಗಳೆಲ್ಲಾ ಹಿಂದೆ ಉಳಿದವು. ಸೋಸಿ ಬಂದ ತಿಳಿನೀರನ್ನು ಪ್ರಾಣಿಗಳಿಗೆ ಚುಚ್ಚಿದಾಗ, ಅದರಲ್ಲಿ ಒಂದು ಕ್ರಿಮಿಯೂ ಇಲ್ಲದಿದ್ದರೂ, ಅವು ಅದೇ ರೋಗದಿಂದ ಸತ್ತವು. 1890ರಲ್ಲಿ ಬೆಹ್ರಿಂಗ್ ಮತ್ತು ಜಪಾನಿನ ಕಿತಾಸಾತೊ ಎಂಬವರು, ಧನುರ್ವಾಯುವಿನ ನಂಜನ್ನು ಸ್ವಲ್ಪ ಸ್ವಲ್ಪವಾಗಿ ಸಹಿಸಿದ ಪ್ರಾಣಿಯ ರಕ್ತದಲ್ಲಿ ಅದನ್ನು ಕಟ್ಟಿಹಾಕುವ ಒಂದು ಶಕ್ತಿ ಹುಟ್ಟುತ್ತದೆಂದು ಕಂಡುಕೊಂಡರು. ತರುವಾಯ 1923ರಲ್ಲಿ ರಾಮೋನ್ ಎಂಬವನು ಗಂಟಲಮಾರಿಯ ನಂಜಿಗೆ ಫಾರ್ಮಲಿನ್ ಬೆರೆಸಿ ಬೆಚ್ಚಗೆ ಇಟ್ಟು ಅದರ ಹಲ್ಲು ಕಿತ್ತನು. ಅದರ ರೂಪ ಉಳಿಯಿತು, ಕೇಡು ಹೋಯಿತು. ಧನುರ್ವಾಯುವಿನ ಲಸಿಕೆಯೂ ಅದೇ ಬಗೆಯದು. ಹಲ್ಲಿಲ್ಲದ ಹಾವನ್ನು ನೋಡಿ ದೇಹವು ನಿಜವಾದ ಹಾವನ್ನು ಗುರುತಿಸಲು ಕಲಿಯುತ್ತದೆ.

ನಂಜು ನರಕ್ಕೆ ಅಂಟಿಕೊಂಡ ಮೇಲೆ ಅದನ್ನು ಬಿಡಿಸುವ ಔಷಧವು ಲೋಕದಲ್ಲಿ ಎಲ್ಲಿಯೂ ಇಲ್ಲ. ಗಾಯವಾದೊಡನೆ ವೈದ್ಯರು ಕೊಡುವ ಸಿದ್ಧ ಪ್ರತಿವಿಷವುಂಟಷ್ಟೆ. ಅದು ಎರವಲು ಬಂದದ್ದು. ಇನ್ನೂ ಅಂಟದೆ ತಿರುಗುವ ನಂಜನ್ನು ಹಿಡಿಯುತ್ತದೆ, ಕೆಲವು ವಾರಗಳಲ್ಲಿ ತೀರಿಹೋಗುತ್ತದೆ. ಮತ್ತೂ ಆಶ್ಚರ್ಯವೇನಂದರೆ, ಒಮ್ಮೆ ಧನುರ್ವಾಯುವಾಗಿ ಬದುಕಿದವನಿಗೂ ಅದು ಪುನಃ ಬರಬಹುದು; ಮನುಷ್ಯನನ್ನು ಕೊಲ್ಲುವಷ್ಟು ನಂಜು ದೇಹಕ್ಕೆ ಪಾಠ ಕಲಿಸುವದಕ್ಕೆ ಸಾಲದು, ಅಷ್ಟು ಕಡಿಮೆ!

ಗಂಟಲಮಾರಿಯು ಒಬ್ಬರಿಂದೊಬ್ಬರಿಗೆ ಹರಡುವದಾದಕಾರಣ, ಊರಿನ ಬಹುಮಂದಿ ಲಸಿಕೆ ಹಾಕಿಸಿಕೊಂಡಿದ್ದರೆ ಹಾಕಿಸಿಕೊಳ್ಳದವನಿಗೂ ಸ್ವಲ್ಪ ಆಸರೆ ಸಿಕ್ಕೀತು. ಧನುರ್ವಾಯುವಿನಲ್ಲಿ ಹಾಗಿಲ್ಲ. ಅದು ಮಣ್ಣಿನಿಂದ ಬರುವದು; ನೆರೆಯವನ ಲಸಿಕೆ ನಿನ್ನನ್ನು ಕಾಯದು. ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು (ಮತ್ತಾಯ 25) ಓದುವಾಗೆಲ್ಲಾ ನನಗೆ ಇದು ನೆನಪಾಗುವದು. ಅಲ್ಲಿ ನಡುರಾತ್ರಿಯಲ್ಲಿ ಎಣ್ಣೆಯನ್ನು ಹಂಚಿಕೊಳ್ಳಲಾಗಲಿಲ್ಲವಷ್ಟೆ. ತಾಯಿಯ ವಿಷಯವೊಂದೇ ಬೇರೆ. ಗರ್ಭಿಣಿಯು ಲಸಿಕೆ ಪಡೆದರೆ ಅವಳ ರಕ್ತದ ಶಕ್ತಿಯು ಹೊಟ್ಟೆಯೊಳಗಿನ ಕೂಸಿಗೂ ಇಳಿಯುತ್ತದೆ. ಹಿಂದೆ ಕುಡುಗೋಲಿನಿಂದ ಹೊಕ್ಕುಳ ಕೊಯ್ದು ಸಗಣಿ ಹಚ್ಚಿದ ಎಷ್ಟೋ ಕೂಸುಗಳು ಒಂದೆರಡು ವಾರಗಳಲ್ಲಿ ಮೊಲೆ ಹಿಡಿಯಲಾರದೆ ಸತ್ತವು. ತಾಯಂದಿರ ಲಸಿಕೆಯಿಂದಲೂ ಶುಚಿಯಾದ ಹೆರಿಗೆಯಿಂದಲೂ ಆ ಮರಣವು ಕುಗ್ಗಿತು. ಸಾವಿರ ಜನನಗಳಲ್ಲಿ ಒಂದಕ್ಕಿಂತ ಕಡಿಮೆ ಎಂಬ ಮಟ್ಟಕ್ಕೆ ನಮ್ಮ ದೇಶದ ಎಲ್ಲಾ ಜಿಲ್ಲೆಗಳೂ ಇಳಿದವೆಂದು 2015ರಲ್ಲಿ ದೃಢಪಟ್ಟಿತು.

ಪ್ರಾರ್ಥಿಸುವವನಿಗೆ ಸೂಜಿ ಯಾಕೆ ಎಂದು ಕೇಳುವವರು ನಮ್ಮ ಸಭೆಗಳಲ್ಲಿ ಇದ್ದಾರೆ. ಅರಸನಾದ ಹಿಜ್ಕೀಯನಿಗೆ ಗುಣವಾಗುವದೆಂದು ದೇವರು ಮುಂಚೆಯೇ ಮಾತು ಕೊಟ್ಟಿದ್ದನು. ಆದರೂ ಯೆಶಾಯನು ಅವನ ಹುಣ್ಣಿಗೆ ಅಂಜೂರದ ಹಣ್ಣನ್ನು ಕಟ್ಟಿಸಿದನು (2 ಅರಸುಗಳು 20). ವಾಗ್ದಾನ ಪಡೆದವನು ಔಷಧವನ್ನು ತಳ್ಳಲಿಲ್ಲ.

ಈಗ ಹೆಚ್ಚಾಗಿ ತಪ್ಪಿಹೋಗುವವರು ಯಾರು? ಕೂಸುಗಳಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಬಳಿಕ ಒಂದೂವರೆ ವರುಷದ ಸುಮಾರಿಗೆ, ಐದಾರು ವರುಷಕ್ಕೆ, ಹತ್ತಕ್ಕೆ, ಹದಿನಾರಕ್ಕೆ ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ಕೊಡುತ್ತಾರೆ. ಗರ್ಭಿಣಿಯರನ್ನು ಆಶಾ ಕಾರ್ಯಕರ್ತೆಯು ಮನೆಗೇ ಬಂದು ಕರೆಯುತ್ತಾಳೆ. ಆದರೆ ಎಲ್ಲಾ ಮಕ್ಕಳಿಗೂ ಲಸಿಕೆ ಎಂಬ ದೇಶವ್ಯಾಪಿ ಕಾರ್ಯಕ್ರಮವು ಪ್ರಾರಂಭವಾದದ್ದು 1985ರಲ್ಲಿ. ಅದಕ್ಕೆ ಮುಂಚೆ ಹಳ್ಳಿಯಲ್ಲಿ ಹುಟ್ಟಿದ ಗಂಡಸರಲ್ಲಿ ಎಷ್ಟೋ ಮಂದಿಗೆ ಒಂದು ಸೂಜಿಯೂ ಬಿದ್ದಿರಲಿಕ್ಕಿಲ್ಲ. ಸಗಣಿ ಗೊಬ್ಬರದಲ್ಲಿ ಬರಿಗಾಲಿನಿಂದ ನಿಲ್ಲುವವರು ಅವರೇ. ಹದಿನಾರಕ್ಕೆ ಶಾಲೆ ಬಿಟ್ಟು ಕಾರ್ಖಾನೆ ಸೇರಿದ ಹುಡುಗನ ಲಸಿಕೆಯೂ ಹತ್ತು ವರುಷಗಳಲ್ಲಿ ಬಲ ಕುಂದುವದು.

ಗಾಯವಾದಾಗ ಅರಿಶಿನ, ಕಾಫಿಪುಡಿ, ಮಣ್ಣು ಯಾವದನ್ನೂ ತುಂಬಬಾರದು. ಹಾಗೆ ಮಾಡುವದು ಕ್ರಿಮಿಗೆ ಮನೆ ಕಟ್ಟಿ ಬಾಗಿಲು ಮುಚ್ಚಿದ ಹಾಗೆ. ಸುರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಅಲ್ಲಿ ವೈದ್ಯರು ಮೊದಲು ಕೇಳುವ ಪ್ರಶ್ನೆ, ಕಳೆದ ಸೂಜಿ ಯಾವಾಗ ಎಂಬದು. ಮಣ್ಣು ಹೊಕ್ಕ ಗಾಯವಾದರೆ ಐದು ವರುಷ, ಶುಚಿಯಾದ ಗಾಯವಾದರೆ ಹತ್ತು ವರುಷ ಕಳೆದಿದ್ದಲ್ಲಿ ಪುನಃ ಹಾಕುವರು. ಈ ಪ್ರಶ್ನೆಗೆ ನಮ್ಮವರಲ್ಲಿ ಉತ್ತರ ಹೇಳುವವರು ಅಪರೂಪ. ಆದಕಾರಣ ಪ್ರತಿ ಕುಟುಂಬದವರು ತಮ್ಮ ಸತ್ಯವೇದದ ಮೊದಲ ಹಾಳೆಯಲ್ಲಿ, ಜನನ ಮತ್ತು ದೀಕ್ಷಾಸ್ನಾನದ ದಿನಗಳ ಕೆಳಗೆ, ಪ್ರತಿಯೊಬ್ಬನ ಸೂಜಿಯ ವರುಷವನ್ನೂ ಬರೆದಿಡಲಿ.